ತಲೆಯ ಪಾಲು

ಭಾನುವಾರ ಚಿಕ್ಕಪ್ಪ ತಂದದ್ದು
ಥರ್ಮೋಕೋಲ್ ಪೆಟ್ಟಿಗೆ, ಐಸು,
ಐಸಿನೊಳಗೆ ಒಂದು ತಲೆ.
ಮೈಯಿಲ್ಲ.

ಮೈ ಮಂಗಳೂರಿನ ಕಂಪನಿಯಲ್ಲೇ ಚರ್ಮ ಸುಲಿಸಿಕೊಂಡು
ಚೀಟಿ ಅಂಟಿಸಿಕೊಂಡು ಹಡಗು ಹತ್ತಿತಂತೆ.
ತಲೆ ಮಾತ್ರ ಲಾರಿಯಲ್ಲಿ
ಸಂಪಾಜೆ ಘಾಟಿ ಏರಿ, ಹುಣಸೂರು ದಾಟಿ,
ಮಂಡಿ ಮೊಹಲ್ಲಾದಲ್ಲಿ ಅಗ್ಗವಾಗಿ
ಗಂಜಾಮಿನ ನಮ್ಮ ಪಡಸಾಲೆಗೆ ಬಂತು.
“ಕೆಂಬೇರಿ ಅಂತಾರೆ ಕನಣ್ಣ. ತಲೆನೇ ಎರಡು ಕೆಜಿ ಅದೆ.”

ಅಪ್ಪ ಹೊಳೆಯವನು.
ಗೆಂಡೆಯೋ ಕುಚ್ಚೋ ಹಾವುಮೀನೋ
ಕತ್ತಲಲ್ಲಿ ಬಲೆ ಜಗ್ಗಿದ ರೀತಿಗೇ ಹೆಸರು ಹೇಳುವವನು.
ಕಿವಿರು ಎತ್ತಿ ನೋಡಿದ: ದಾಸವಾಳ.
ಕಣ್ಣು ನೋಡಿದ: ತಿಳಿ, ಉಬ್ಬು.
ಕೆನ್ನೆಗೆ ಹೆಬ್ಬೆರಳು ಊರಿ ತೆಗೆದ, ಗುಳಿ ನಿಲ್ಲಲಿಲ್ಲ.
ಮೂಸಿದ. ಬರೀ ಉಪ್ಪು.
“ಮೋಸ ಇಲ್ಲ ಇದ್ರಲ್ಲಿ” ಅಂದ.

ಮೋಸ ಇರಲೂ ಇಲ್ಲ.

ಅವ್ವ ಹುಣಸೆ ಕಿವುಚಿ, ಖಾರ ಅರೆದು
ಒಲೆಯ ಮೇಲೆ ತಾಸು ಹೊತ್ತು ಕುದಿಸಿದಳು.
ಬೆಂಕಿಗೆ ಹೆದರದ್ದು ಏನಿದೆ ಲೋಕದಲ್ಲಿ?

ನಮ್ಮಲ್ಲಿ ತಲೆ ಯಜಮಾನನಿಗೆ.
ಕೆನ್ನೆಯ ತಿರುಳು, ಕಣ್ಣ ಹಿಂದಿನ ಲೋಳೆ, ಮೆದುಳು
ಚೀಪಿ ಚೀಪಿ ಮೂಳೆಗಳನ್ನು
ತಟ್ಟೆಯಂಚಿಗೆ ಸಾಲಾಗಿಟ್ಟ.
ಚಿಕ್ಕಪ್ಪನಿಗೆ ದವಡೆ. ತಮ್ಮನಿಗೆ ನೆತ್ತಿ.
ಕಡೆಗೆ ಉಣ್ಣುವ ಅವ್ವನಿಗೂ ನನಗೂ
ಮುದ್ದೆ ಅದ್ದುವಷ್ಟು ಎಸರು.
ಬಾಗಿಲ ಬೆಕ್ಕಿಗೆ ಮೂಳೆ.

ಸಂಜೆ ಬೆಕ್ಕು ನಡೆಯಿತು,
ಹಿಂಗಾಲು ಅದರ ಜೊತೆ ಬರಲಿಲ್ಲ.

ರಾತ್ರಿ ವಾಂತಿ, ಭೇದಿ. ಅದು ಕಂಡಿದ್ದೇ.
ಬೆಳಗ್ಗೆ ಅಪ್ಪ ಚೊಂಬು ಬಾಯಿಗಿಟ್ಟು
ಚೊಂಬನ್ನೇ ಎಸೆದ.
“ಕುದಿಯೋ ನೀರು ಕೊಡ್ತೀಯೇನೇ?”
ಹೂಜಿಯ ನೀರು ಅದು.
ಹಬೆಯಾಡುವ ಗಂಜಿ ತಂದರೆ “ತಣ್ಣಗದೆ” ಅಂದ.
ಹಲ್ಲು ಅಲ್ಲಾಡುತ್ತವೆ ಎಂದು ಒಂದೊಂದೇ ಹಿಡಿದು ನೋಡಿದ,
ಎಲ್ಲ ಗಟ್ಟಿ.
ತುಟಿಯಲ್ಲಿ ಇರುವೆ, ಅಂಗೈಯಲ್ಲಿ ಇರುವೆ.
ನಾಡಿ ಮಾತ್ರ
ಎಲ್ಲಿಗೂ ಹೋಗಬೇಕಿಲ್ಲದವನ ನಡಿಗೆ.
ನನ್ನ ತುಟಿಯೂ ಜುಮ್ಮೆಂದಿತ್ತು. ಹೇಳಲಿಲ್ಲ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬರು
“ಹೊಲಕ್ಕೆ ಯಾವ ಔಷಧಿ ಹೊಡೆದ್ರಿ?” ಅಂದರು.
ನಮಗೆ ಹೊಲವೇ ಇಲ್ಲ.
ಇನ್ನೊಬ್ಬರು “ಏನು ಕುಡಿದಿದ್ದ?” ಅಂದರು.
ಆಮೇಲೆ ಬಂದವಳು ಕರ್ಕೇರ ಅಂತ, ಉಳ್ಳಾಲದ ಕಡೆಯ ಹುಡುಗಿ,
ಕುತ್ತಿಗೆಯಲ್ಲಿ ಸ್ಟೆತಾಸ್ಕೋಪು, ಕಣ್ಣಲ್ಲಿ ನಿದ್ದೆ.
ಮಂಚದ ತುದಿಗೆ ಕೂತು ಕೇಳಿದಳು:
“ಅಜ್ಜಾ, ತಣ್ಣೀರು ಸುಡ್ತದಾ?”

ಅಪ್ಪ ಗೊಳೋ ಎಂದು ಅತ್ತ.
ನಾನು ನೋಡಿದ್ದು ಅದೇ ಮೊದಲು.

ಹವಳದ ಬಂಡೆಗೆ ಅಂಟಿದ ಕಣ್ಣಿಗೆ ಕಾಣದ ಪಾಚಿ,
ಪಾಚಿ ಮೇಯುವ ಸಣ್ಣ ಮೀನು,
ಸಣ್ಣದನ್ನು ನುಂಗಿದ ದೊಡ್ಡದು.
“ವಾಸನೆ ಇಲ್ಲ, ರುಚಿ ಇಲ್ಲ, ಬೇಯಿಸಿದ್ರೂ ಹೋಗುದಿಲ್ಲ.
ಪಾಪ, ಮೀನಿಗೇ ಗೊತ್ತಿರುದಿಲ್ಲ.”
“ಬಾಯಿಂದ ಬಾಯಿಗೆ ಬೆಳೆಯೋ ಮಾತಿನಂಗೆ” ಅಂದಳು ಅವ್ವ.
ಸಿಗ್ವಾಟೆರಾ ಎಂದು ಚೀಟಿಯಲ್ಲಿ ಬರೆದರು.
ಕೇರಿಯಲ್ಲಿ ಕೇಳಿದವರಿಗೆಲ್ಲ ಅವ್ವ
“ಸೀಗೆವಾಟರು” ಅನ್ನುತ್ತಾಳೆ.
ಅವರು ತಲೆದೂಗುತ್ತಾರೆ.

ತಮ್ಮ ವಾರಕ್ಕೆಲ್ಲ ಗೋಲಿ ಆಡಲು ಹೋದ.
ಚಿಕ್ಕಪ್ಪ ಈ ಕಡೆ ತಲೆ ಹಾಕಿಲ್ಲ,
ಅವನಿಗೂ ಅಂಗಾಲು ಉರಿಯಂತೆ.
ಹರಿಗೋಲು ಹಿತ್ತಲಲ್ಲಿ ಬೋರಲು,
ಅದರಡಿ ಕೋಳಿ ಮೊಟ್ಟೆಯಿಡುತ್ತದೆ.
ಹರಿಯದ ಬಲೆಯನ್ನೂ ಬಿಚ್ಚಿ ಹೆಣೆಯುತ್ತಾನೆ ಅಪ್ಪ.

ಮೂರು ತಿಂಗಳಾಗಿ ಇವತ್ತು
ನಸುಕಿಗೇ ಎದ್ದು ಸಂಗಮಕ್ಕೆ ನಡೆದ.
ಹಿಂದೆ ನಾನು.
ಮಾಗಿಯ ಚಳಿ. ಹೊಳೆಯ ತುಂಬ ಹಬೆ,
ಕುದಿಯುವ ನೀರಿಗೆ ಏಳುವಂಥದ್ದೇ.
ಬೆರಳು ಹೇಳುತ್ತಿದ್ದುದನ್ನು
ಕಣ್ಣೂ ಹೇಳುತ್ತಿತ್ತು ಅವನಿಗೆ.
ಕಡೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು
ಕಿರುಬೆರಳು ಅದ್ದಿದ, ಎಳೆದುಕೊಂಡ.
ಮತ್ತೆ ಅದ್ದಿದ,
ಕೂಸಿಗೆ ಎರೆಯುವ ನೀರಿನ ಹದ ನೋಡುವವನಂತೆ.

“ಎಂಗದೆ ಅಪ್ಪ?”

“ಒಸಿ ಕಮ್ಮಿ” ಅಂದ,
ಹೊಳೆಗೆ ಕೇಳಿಸದ ಹಾಗೆ.